ದೋನಾ ಎರೊಂಡಿನಾಳ ತೊಂಬತ್ತೆಂಟು ಪೆಟ್ಟು

ನಮ್ಮ ಬೆಲರ್ಮಿನೊ ನಲವತ್ತು ವರ್ಷ ಇಗರ್ಜಿಯ ಗಂಟೆ ಹೊಡೆದವನು. ಸತ್ತವರು ಗಂಡಸಾದರೆ ಮೂರು ಪೆಟ್ಟು, ಹೆಂಗಸಾದರೆ ಎರಡು, ಪಾದ್ರಿಗೆ ಏಳು, ಬಿಷಪ್ಪರಿಗೆ ಹನ್ನೆರಡು. ಮಿನಾಸ್ ಸೀಮೆಯ ನಮ್ಮೂರಲ್ಲಿ ಇದು ಹಸುಗೂಸಿಗೂ ಗೊತ್ತು. ಮೊಣಕಾಲು ಕೈಕೊಟ್ಟು ಗೋಪುರ ಹತ್ತಲಾಗದಾದಾಗ ಪಾದ್ರಿ ಅನ್ಸೆಲ್ಮೊ, "ಗಂಟೆ ಸದ್ದಿಗೆ ಧ್ವನಿವರ್ಧಕ ಹಾಕಿಸ್ತೀನಿ, ನೀನು ಮನೇಲಿ ಹಾಯಾಗಿರು" ಅಂದುಬಿಟ್ಟರು. ಬೆಲರ್ಮಿನೊ ನನ್ನ ಬೇಕರಿಗೆ ಬಂದು ಗಳಗಳ ಅತ್ತ.

ಆಮೇಲೆ ಹಟ ಹಿಡಿದ. ಗಂಟೆಗೆ ಹಳೆಯದೊಂದು ಸುತ್ತಿಗೆ ಯಂತ್ರ ಕಟ್ಟಿಸಿದ; ಕೆಳಗಿನಿಂದಲೇ ಕಂಪ್ಯೂಟರಿನಲ್ಲಿ ಅದನ್ನು ನಡೆಸಲು ಅರವತ್ತೆಂಟರ ವಯಸ್ಸಿನಲ್ಲಿ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತ. "ನಮ್ಮ ರಿಯೊದಲ್ಲೇ ಹುಟ್ಟಿದ ಭಾಷೆ ಕಣಯ್ಯಾ, ನಂಗೆ ಬರದೆ ಇರುತ್ತಾ?" ಯಂತ್ರದ ಕೈಪಿಡಿಯಲ್ಲಿ ಸಂಖ್ಯೆಗಳೆಲ್ಲ ಹದಿನಾರರ ಲೆಕ್ಕದಲ್ಲಿದ್ದವು: ಹೆಂಗಸಿಗೆ 02, ಗಂಡಸಿಗೆ 03, ಬಿಷಪ್ಪರ ಹನ್ನೆರಡಕ್ಕೆ 0C. ಹಾಗೇ ನಕಲು ಮಾಡಿಕೊಂಡ.

"ಒಂದ್ಸಲ ಹೊಡೆದು ನೋಡೋ ಮಾರಾಯ," ಅಂದೆ.

"ಹೆಣ ಇಲ್ದೆ ಸಾವಿನ ಗಂಟೆ ಹೊಡೀತಾರೇನೋ? ಯಾರನ್ನ ಕರೆಯೋಕೆ, ನಿನ್ನನ್ನಾ?"

ನಾನು ಶಿಲುಬೆಯ ಗುರುತು ಮಾಡಿಕೊಂಡೆ.

ಮೊದಲು ಸತ್ತವಳು ಬಟ್ಟೆ ಒಗೆಯುವ ದೋನಾ ಎರೊಂಡಿನಾ. ಎರಡು ಪೆಟ್ಟು ಬಿತ್ತು, ನಿಲ್ಲಲಿಲ್ಲ. ಏಳಾಯಿತು, ಹನ್ನೆರಡಾಯಿತು. ಅಂಗಡಿಗಳ ಬಾಗಿಲು ಬಿದ್ದವು, ಮೇಯರ್ ಕರಿ ಕೋಟು ತೊಟ್ಟು ಓಡಿ ಬಂದ, ಅವನ ಹಿಂದೆ ವಾದ್ಯದವರು.

"ನಿಲ್ಸೋ!" ಎಂದು ಪಾದ್ರಿ ಕಿರುಚಿದರು.

"ಮಧ್ಯದಲ್ಲಿ ನಿಲ್ಸಿದ್ರೆ ಅರ್ಧ ಸತ್ತಂಗಾಗುತ್ತೆ ಸ್ವಾಮಿ!"

ತೊಂಬತ್ತೆಂಟಕ್ಕೆ ನಿಂತಿತು. ಬಂದವರು ಹೇಗೂ ಬಂದಾಗಿದೆಯೆಂದು ಶವದ ಹಿಂದೆ ನಡೆದರು. ಬದುಕಿದ್ದಾಗ ತಲೆಯ ಮೇಲಿನ ಬಟ್ಟೆಗಂಟನ್ನಷ್ಟೇ ಜನ ನೋಡಿದ್ದ ಹೆಂಗಸಿಗೆ ಇಡೀ ಊರೇ ಮೆರವಣಿಗೆ! ಅವಳ ಮಗಳು ಬೆಲರ್ಮಿನೊನ ಕೈಗೆ ಮುತ್ತಿಟ್ಟಳು. ನನಗೂ ಕಣ್ಣು ತುಂಬಿತು.

"ಸರಿಮಾಡು, ಇಲ್ಲಾಂದ್ರೆ ಧ್ವನಿವರ್ಧಕವೇ," ಅಂದರು ಪಾದ್ರಿ.

ಎರಡು ದಿನ ತಲೆ ಕೆಡಿಸಿಕೊಂಡು ತಪ್ಪು ಹಿಡಿದ. ಅವನು ಕಳಿಸಿದ್ದು ಸಂಖ್ಯೆಯನ್ನಲ್ಲ, ಅದನ್ನು ಬರೆದ ಅಕ್ಷರಗಳನ್ನು. ಕಂಪ್ಯೂಟರಿನೊಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ: ಬರೆದ ಸೊನ್ನೆಗೆ ನಲವತ್ತೆಂಟು, ಬರೆದ ಎರಡಕ್ಕೆ ಐವತ್ತು. ಯಂತ್ರ ಎರಡನ್ನೂ ಒಂದರ ಹಿಂದೊಂದು ನಿಯತ್ತಾಗಿ ಹೊಡೆದಿತ್ತು. ಜೋಡಿ ಅಕ್ಷರವನ್ನು ಹದಿನಾರರ ಲೆಕ್ಕದಲ್ಲಿ ಓದಿ ಒಂದೇ ಸಂಖ್ಯೆ ಮಾಡಿ ಕಳಿಸಬೇಕಿತ್ತು. ಮೂರು ಸಾಲು ಸೇರಿಸಿದ, ಸರಿಹೋಯಿತು.

ಅದೇ ವಾರ ಜಮೀನ್ದಾರ ತಿಬುರ್ಸಿಯೊ ತೀರಿಕೊಂಡ. ಮಕ್ಕಳು ಮೈಮೇಲೆ ಬಂದರು. "ಬಟ್ಟೆ ಒಗೆಯೋಳಿಗೆ ತೊಂಬತ್ತೆಂಟು, ನಮ್ಮಪ್ಪಂಗೆ ಮೂರಾ?"

ಪಾದ್ರಿ ಬೆಲರ್ಮಿನೊನ ಕಿವಿಯಲ್ಲಿ ಉಸುರಿದರು: "ಹಳೇ ತಪ್ಪು ಲೆಕ್ಕದಲ್ಲೇ ಹೊಡೆದುಬಿಡೋ. ಗಂಡಸಿಗೆ ತೊಂಬತ್ತೊಂಬತ್ತು ಬರುತ್ತಲ್ಲ, ಇವರಿಗೂ ಸಮಾಧಾನ. ಗಂಟೆ ನಿನ್ನ ಹತ್ರಾನೇ ಇರುತ್ತೆ, ನನ್ನಾಣೆ."

ಬೆಲರ್ಮಿನೊ ಗುಂಡಿ ಒತ್ತಿದ. ಮೂರು ಪೆಟ್ಟು ಬಿತ್ತು, ಅಷ್ಟೇ.

"ಯಾಕೋ ಹಿಂಗ್ ಮಾಡ್ದೆ?"

"ಅವಳಿಗೆ ಹೊಡೆದದ್ದು ತಪ್ಪು ಸ್ವಾಮಿ. ಇವರಿಗೆ ಹೊಡೆದಿದ್ರೆ ಸುಳ್ಳಾಗ್ತಿತ್ತು."

ಸೋಮವಾರ ಧ್ವನಿವರ್ಧಕ ಬಂತು.