ಗೌರಮ್ಮನಿಗೆ ಬಂದ ದೆಹಲಿಯ ಕಾಗದ

ಆ ಲಕೋಟೆಯನ್ನು ಗೌರಮ್ಮ, ತೊಳೆದು ಒಣಗಿಸಿದ ಹಾಲಿನ ಕವರಿನಲ್ಲಿ ಸುತ್ತಿ, ಸೆರಗಿನ ಮರೆಯಲ್ಲಿಟ್ಟುಕೊಂಡು ತಂದಿದ್ದರು. ನಾನಾಗ ಶಿವಮೊಗ್ಗದ ವಿದ್ಯಾನಗರದಿಂದ ದಿನವೂ ಬಸ್ಸು ಹಿಡಿದು ಭದ್ರಾವತಿಯ ಹೈಸ್ಕೂಲೊಂದಕ್ಕೆ ಹಿಂದಿ ಕಲಿಸಲು ಹೋಗುತ್ತಿದ್ದೆ. ಹಿಂದಿ ಟೀಚರುಗಳ ಪಾಡು ನಿಮಗೆ ಗೊತ್ತೇ ಇದೆ: ತರಗತಿಯಲ್ಲಿ ಯಾರಿಗೂ ಬೇಡದವರು, ಉತ್ತರದಿಂದ ಯಾರಿಗಾದರೂ ಒಂದು ಉತ್ತರ ಬಂದರೆ ಮಾತ್ರ ಊರಿಗೆಲ್ಲ ಬೇಕಾದವರು.

ಗೌರಮ್ಮನ ಮಗಳು ಒಂಬತ್ತನೇ ಕ್ಲಾಸಿನಲ್ಲಿ ನನ್ನ ವಿದ್ಯಾರ್ಥಿನಿ. ಕಾರ್ಖಾನೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಗೌರಮ್ಮ ಮಾಚೇನಹಳ್ಳಿಯ ಸಣ್ಣ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕೆ ಸೇರಿದ್ದರು. ಅದೇ ವರ್ಷ ಗಂಡನ ಅಣ್ಣ ರುದ್ರಪ್ಪ, ಮನೆ ಹಿರಿಯರದು, ತನಗೂ ಪಾಲಿದೆ ಎಂದು ಒಳಕೋಣೆಗೆ ಬೀಗ ಜಡಿದು ಹೋಗಿದ್ದರು. ತಾಯಿ ಮಗಳಿಗೆ ಉಳಿದದ್ದು ನಡುಮನೆ ಮತ್ತು ಅಡುಗೆಯ ಮೂಲೆ. ಒಂಬತ್ತು ವರ್ಷ ಕೋರ್ಟಿಗೆ ಅಲೆದದ್ದಾಯಿತು. ನಡುವೆ ಅವರ ವಕೀಲರೂ ತೀರಿಹೋದರು. ಹೊಸಬರನ್ನು ಹಿಡಿಯುವ ತ್ರಾಣವಿಲ್ಲದೆ ಗೌರಮ್ಮ ನೇರವಾಗಿ ದೆಹಲಿಯ ಮಂತ್ರಿಗಳಿಗೇ ಕನ್ನಡದಲ್ಲೊಂದು ಕಾಗದ ಬರೆದು ಹಾಕಿದ್ದರು.

"ನ್ಯಾಯಕ್ಕೇ ಅಂತ ಒಬ್ಬರು ಮಂತ್ರಿ ಇದಾರಂತಲ್ಲ ಟೀಚರ್, ಅವರಿಗಲ್ದೆ ಇನ್ಯಾರಿಗೆ ಬರೀಲಿ?"

ಲಕೋಟೆ ಬಿಡಿಸಿ ತಲೆಬರಹ ಓದಿದೆ: "ವಿಧಿ ಔರ್ ನ್ಯಾಯ್ ಮಂತ್ರಾಲಯ್."

ಗೌರಮ್ಮ ಗಾಬರಿಯಾದರು. "ಮಂತ್ರಾಲಯಕ್ಕೆ ನಾನು ಬರ್ದೇ ಇಲ್ವಲ್ಲ! ಮತ್ತೆ ವಿಧಿ ಯಾಕೆ ಬಂತು ಅದ್ರಲ್ಲಿ? ಅದು ಆಗ್ಲೇ ನಮ್ಮನೆಗೆ ಬಂದು ಹೋಗಿದೆ. ನಾನು ಕೇಳಿದ್ದು ನ್ಯಾಯ ಒಂದೇ."

ಹಿಂದಿಯಲ್ಲಿ ವಿಧಿ ಎಂದರೆ ಕಾನೂನು, ಮಂತ್ರಾಲಯ ಎಂದರೆ ಸಚಿವಾಲಯ ಎಂದು ವಿವರಿಸಿದೆ. ನಗು ಬಂದದ್ದು ನಿಜ, ಆದರೆ ನಗಲಾಗಲಿಲ್ಲ. ಯಾಕೆಂದರೆ ಮುಂದಿನ ಸಾಲು ನನ್ನ ಕಣ್ಣಿಗೆ ಬಿದ್ದಾಗಿತ್ತು: ನ್ಯಾಯಾಲಯಗಳು ಸ್ವತಂತ್ರ, ವಿಚಾರಣೆಯಲ್ಲಿರುವ ವ್ಯಾಜ್ಯದಲ್ಲಿ ಸಚಿವಾಲಯ ಕೈಹಾಕುವಂತಿಲ್ಲ.

"ಅಂದ್ರೆ ಆಗಲ್ಲ ಅಂದ್ರಾ?"

"ಅವರು ಕೈ ಹಾಕೋ ಹಾಗಿಲ್ಲ ಗೌರಮ್ಮ."

ನಮ್ಮ ಶಾಲೆಯ ಟೀಚರುಗಳ ಕೊಠಡಿಯ ಬೆಂಚಿನ ಮೇಲೆ ಕುಳಿತು ಅವರು ಆ ಹಾಲಿನ ಕವರನ್ನು ಮಡಿಸತೊಡಗಿದರು. ಆ ಸಚಿವಾಲಯದ ಬಗ್ಗೆ ಅಂದು ಹುಟ್ಟಿದ ಸಿಟ್ಟೇ ಮುಂದೆ ನನ್ನಿಂದ ಒಂದಿಷ್ಟು ಓದಿಸಿತು. ಕಂಪನಿ ಸರ್ಕಾರದ ಕಾಲದಲ್ಲಿ ಗವರ್ನರ್ ಜನರಲ್ಲನ ಮಂಡಲಿಗೆ ಕಾನೂನಿಗೆಂದೇ ಒಬ್ಬ ಸದಸ್ಯನನ್ನು ಸೇರಿಸಿದ್ದು, ಸ್ವಾತಂತ್ರ್ಯದ ನಂತರ ಕಾನೂನಿಗೊಂದು ಸಚಿವಾಲಯವೇ ಆದದ್ದು, ಮಸೂದೆಗಳ ಕರಡು ತಿದ್ದುವುದು, ಉಳಿದ ಇಲಾಖೆಗಳಿಗೆ ಸಲಹೆ ಹೇಳುವುದು ಅದರ ನಿತ್ಯದ ದುಡಿಮೆಯಾದದ್ದು, ಇವನ್ನೆಲ್ಲ ತಿಳಿದ ಮೇಲೆ ಸಿಟ್ಟು ಕರಗಿ ಒಂದು ಬಗೆಯ ಅಕ್ಕರೆಯೇ ಮೂಡಿತು. ಪರೀಕ್ಷೆಯ ನಿಯಮಗಳನ್ನು ರೂಪಿಸಿದವರು ಅಂಕ ಹಾಕುವವಳ ಕೈ ಹಿಡಿಯಬಾರದೆಂಬುದು ಟೀಚರಾದ ನನಗೆ ತಿಳಿಯದ್ದೇ? ಇಂದು ಗೌರಮ್ಮನ ಪರವಾಗಿ ಚಾಚುವ ಕೈ ನಾಳೆ ಇನ್ನಾರದೋ ಪರವಾಗಿ ಚಾಚೀತು. ನ್ಯಾಯದ ಹೆಸರು ಹೊತ್ತೂ ತೀರ್ಪಿನಿಂದ ದೂರ ನಿಲ್ಲುವುದರಲ್ಲಿ ಎಂಥದೋ ಸಂಯಮವಿದೆ.

ಆದರೆ ಕಾಗದ ಅಲ್ಲಿಗೇ ಮುಗಿದಿರಲಿಲ್ಲ. ಮಹಿಳೆಯರಿಗೆ ಕಾನೂನಿನ ನೆರವು ಉಚಿತ, ಅರ್ಜಿಯನ್ನು ರಾಜ್ಯದ ಕಾನೂನು ಸೇವೆಯವರಿಗೆ ಕಳಿಸಿದ್ದೇವೆ ಎಂದು ಕೊನೆಯಲ್ಲಿತ್ತು. ಅದನ್ನು ಕನ್ನಡಕ್ಕೆ ಇಳಿಸಿಕೊಟ್ಟೆ. ಮರುವಾರ ಗೌರಮ್ಮ ಅದನ್ನು ಹಿಡಿದು ಕೋರ್ಟಿನ ಆವರಣದಲ್ಲಿದ್ದ ಕಾನೂನು ನೆರವಿನ ಕಚೇರಿಗೆ ಹೋದರು. ಚುರುಕಾದ ಹುಡುಗಿಯೊಬ್ಬಳು ಅವರಿಗೆ ವಕೀಲೆಯಾಗಿ ಸಿಕ್ಕಳು. ಕೆಲವು ತಿಂಗಳಲ್ಲಿ ಪ್ರಕರಣ ಲೋಕ ಅದಾಲತ್ತಿಗೆ, ಎಂದರೆ ಎದುರಾಳಿಗಳು ಕೂತು ಮಾತಾಡಿ ರಾಜಿಯಾಗುವ ಕಟ್ಟೆಗೆ, ಬಂತು. ಧೈರ್ಯಕ್ಕಿರಲಿ ಎಂದು ನಾನೂ ಜೊತೆಗೆ ಹೋದೆ.

ರುದ್ರಪ್ಪನವರನ್ನು ನಾನು ದುಷ್ಟನೆಂದೇ ಊಹಿಸಿಕೊಂಡಿದ್ದೆ. ಬಂದವರು ಸೊರಗಿದ, ವಿಭೂತಿ ಹಚ್ಚಿದ ಮುದುಕರು. ಆ ಕೋಣೆಯನ್ನು ಏನು ಮಾಡಿಕೊಂಡಿರಿ ಎಂದು ನ್ಯಾಯಾಧೀಶರು ಕೇಳಿದರು.

"ಏನೂ ಇಲ್ಲ ಸ್ವಾಮಿ. ಒಂದಿನಾನೂ ಬೀಗ ತೆಗ್ದಿಲ್ಲ. ಇವ್ಳು ಒಂದು ಮಾತು ಬಂದು ಕೇಳಿದ್ರೆ ಕೊಟ್ಟುಬಿಡ್ತಿದ್ದೆ."

"ಕೇಳೋಕೆ ನೀವು ಮುಖ ಕೊಟ್ಟು ಮಾತಾಡ್ತಿದ್ರಾ ಭಾವ?" ಎಂದರು ಗೌರಮ್ಮ.

ನ್ಯಾಯಾಧೀಶರು ಇಬ್ಬರನ್ನೂ ತಡೆಯಲಿಲ್ಲ. ಒಂಬತ್ತು ವರ್ಷ ಅರ್ಜಿ, ತಕರಾರುಗಳಲ್ಲಿ ಆಡಿದ್ದನ್ನು ಅವರಿಬ್ಬರೂ ಅರ್ಧ ಗಂಟೆಯಲ್ಲಿ ಬಾಯಲ್ಲೇ ಆಡಿ ಮುಗಿಸಿದರು. ಮನೆಯೆಲ್ಲ ಗೌರಮ್ಮನಿಗೆ, ಹಿತ್ತಲ ಜಾಗ ರುದ್ರಪ್ಪನವರಿಗೆ ಎಂದು ಬರೆದಾಯಿತು, ಇಬ್ಬರೂ ಸಹಿ ಹಾಕಿದರು.

ಕೋರ್ಟಿನಿಂದ ನೇರವಾಗಿ ಮನೆಗೇ ಹೋದೆವು. ಬೀಗ ತುಕ್ಕು ಹಿಡಿದು ಕೀಲಿಗೆ ಬಗ್ಗಲಿಲ್ಲ. ರುದ್ರಪ್ಪನವರೇ ಕಲ್ಲು ತಂದು ಒಡೆದರು. ಒಳಗೆ ಧೂಳು, ಗೆದ್ದಲು ತಿಂದ ಒಂದು ಮಂಚ, ಗೋಡೆಗೆ ತಮ್ಮನ ಡ್ಯೂಟಿಯ ಅಂಗಿ. ಅವರು ಅದನ್ನು ಮುಟ್ಟಲು ಹೋಗಿ ಕೈ ಹಿಂದಕ್ಕೆಳೆದುಕೊಂಡರು. ಹೊರಟು ನಿಂತವರನ್ನು ಗೌರಮ್ಮ ತಡೆದರು.

"ಕೂತ್ಕೊಳಿ ಭಾವ. ಕಾಫಿ ಮಾಡ್ತೀನಿ."

ಅವರು ಹೊಸಿಲ ಬಳಿ ಕುಳಿತು, ತುಸು ಹೊತ್ತಿನ ಮೇಲೆ ಅಡುಗೆಯ ಮೂಲೆಯತ್ತ ತಿರುಗಿ ಹೇಳಿದರು: "ನಂಗೆ ಸಕ್ಕರೆ ಹಾಕ್ಬೇಡವ್ವ. ಶುಗರ್ ಬಂದಿದೆ."

"ಯಾವಾಗಿಂದ?"

"ಆಯ್ತು, ಐದು ವರ್ಷ."

ಗೌರಮ್ಮ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದೇ ಹೊರಬಂದರು. "ಐದು ವರ್ಷನಾ?" ಎಂದರು. "ನಂಗೆ ಯಾರೂ ಹೇಳ್ಲೇ ಇಲ್ವಲ್ಲ ಭಾವ."