ಸೌಂಡ್ ಕಾರ್ಡೂ ಗಂಗಮ್ಮತ್ತೆಯ ಬೀಸುವ ಪದಗಳೂ

ಹೊಸ ಕಂಪ್ಯೂಟರು ಕೊಳ್ಳೋಣವೆಂದು ಮೊನ್ನೆ ರುದ್ರೇಶನ ಅಂಗಡಿಗೆ ಹೋಗಿದ್ದೆ. ಚನ್ನಗಿರಿಯಲ್ಲಿ ನನ್ನ ಕಂಪ್ಯೂಟರಿನ ಆರೋಗ್ಯ ನೋಡಿಕೊಳ್ಳುವವನು ಅವನೇ. ಬೇಕಾದ್ದನ್ನೆಲ್ಲ ಬರೆದುಕೊಂಡ ಮೇಲೆ ಪೆನ್ನು ಎತ್ತಿ, "ಸೌಂಡ್ ಕಾರ್ಡ್ ಬ್ಯಾರೆ ಹಾಕಣೇನ್ರಿ ಸಾರ್?" ಎಂದ. ಕೇಳುವಾಗ ಅವನ ಮೀಸೆ ಅಲುಗಿತು. ಯಾಕೆ ಅಲುಗಿತೆಂದು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಾಲ್ಕು ವರ್ಷದ ಹಿಂದೆ ನ್ಯಾಮತಿಯಿಂದ ನಮ್ಮ ಸೋದರತ್ತೆ ಗಂಗಮ್ಮ ಹಲ್ಲು ಕೀಳಿಸಿಕೊಳ್ಳಲು ನಮ್ಮ ಮನೆಗೆ ಬಂದಳು. ಬಾಯಲ್ಲಿ ಉಳಿದಿದ್ದವು ಆರು. ಅವೂ ಸೋಮವಾರ ಹೋಗುವವು. ಅತ್ತೆಗೆ ನೋವಿನ ಭಯವಿರಲಿಲ್ಲ. "ಹಲ್ಲು ಹೋದ್ರೆ ಪದ ಹೆಂಗಪ್ಪ ನಿಲ್ತಾವೆ ಬಾಯಾಗೆ?" ಎಂಬುದೇ ಚಿಂತೆ. ಪದ ಎಂದರೆ ಬೀಸುವ ಪದ. ಬೀಸುಕಲ್ಲು ಮೂಲೆ ಸೇರಿ ಎಷ್ಟೋ ಕಾಲವಾಗಿದ್ದರೂ ಅವಳ ಬಾಯಿಂದ ಪದಗಳು ಇನ್ನೂ ಹಿಟ್ಟಿನಂತೆ ಉದುರುತ್ತಿದ್ದವು. ಬರೆದಿಡೋಣವೆಂದರೆ, "ಬರೆದ್ರೆ ರಾಗ ಎಲ್ಲಿ ಬರ್ತೈತೆ?" ಎನ್ನುತ್ತಿದ್ದಳು. ಸರಿ, ಸೋಮವಾರದೊಳಗೆ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸುತ್ತೇನೆಂದು ಘೋಷಿಸಿದೆ.

ಗುರುವಾರ ಮೈಕು ಸಿಕ್ಕಿಸಿ ಅತ್ತೆಯ ಎದುರು ಕಣ್ಣು ಮುಚ್ಚಿ ಕುಳಿತೆ. ನಾನು ಸಂಗೀತ ಬಲ್ಲವನಲ್ಲ; ಬಲ್ಲವರ ಹಾಗೆ ಕಣ್ಣು ಮುಚ್ಚಬಲ್ಲೆ. ಮೂರು ಪದ ಮುಗಿದ ಮೇಲೆ ಹಾಕಿ ಕೇಳಿದರೆ, ಅತ್ತೆಯ ದನಿಯ ಅಡಿಯಲ್ಲಿ ಉದ್ದಕ್ಕೂ 'ಗುಂಯ್' ಎಂಬ ಸದ್ದು, ಡಬ್ಬಿಯಲ್ಲಿ ಸಿಕ್ಕಿಕೊಂಡ ದುಂಬಿಯ ಹಾಗೆ.

ಇಂಟರ್ನೆಟ್ಟಿನಲ್ಲಿ ಓದಿ ಒಂದೇ ದಿನಕ್ಕೆ ಪಂಡಿತನಾದೆ. ಮದರ್‌ಬೋರ್ಡಿನಲ್ಲೇ ಇರುವ ಆಡಿಯೋಗೆ ಅಕ್ಕಪಕ್ಕದ ಭಾಗಗಳ ಗದ್ದಲ ಅಂಟಿಕೊಳ್ಳಬಹುದಂತೆ, ಕೂಡುಕುಟುಂಬದಲ್ಲಿ ಫೋನು ಮಾಡಿದ ಹಾಗೆ. ಸೌಂಡ್ ಕಾರ್ಡ್ ಹಾಕಿಸುವುದೆಂದರೆ ಬೇರೆ ಮನೆ ಮಾಡಿದಂತೆ.

ರುದ್ರೇಶ ಒಪ್ಪಲಿಲ್ಲ. ಮನೆಗೇ ಬಂದು, ಅದೇ ಮೈಕಿನಲ್ಲಿ "ಹಲೋ, ಒಂದು, ಎರಡು, ಮೂರು" ಎಂದು ಹೇಳಿ ಕೇಳಿಸಿದ. ಗುಂಯ್ ಇಲ್ಲವೇ ಇಲ್ಲ.

"ನೋಡ್ರಿ ಸಾರ್, ಒಳಗಿರೋದೇ ಸಾಕು. ಅಮ್ಮಾರು ಪದ ಹೇಳಾಕೆ ಬ್ಯಾರೆ ಕಾರ್ಡ್ ಯಾಕ್ರಿ?"

"ನೀನು ಹೇಳಿದ್ದು ಮೂರು ಸೆಕೆಂಡು. ಕಾಲು ಗಂಟೆ ಓಡಿ ಬಿಸಿಯಾದ ಮೇಲೆ ಬರ್ತೈತೆ ಅದು" ಎಂದು ಗದರಿದೆ. ಶನಿವಾರ ದಾವಣಗೆರೆಯಿಂದ ಕಾರ್ಡ್ ತರಿಸಿ ಕೂರಿಸಿದ್ದಾಯಿತು.

ಭಾನುವಾರ ಬೆಳಿಗ್ಗೆ ಅತ್ತೆ ಅದೇ ಮೂರು ಪದ ಹೇಳಿದಳು. ರುದ್ರೇಶನೂ ಇದ್ದ. ಕಾರ್ಡೇನೋ ಒಳ್ಳೆಯದೇ. ಅತ್ತೆಯ ಉಸಿರು, ಬಳೆಯ ಸದ್ದು ಎಲ್ಲ ಕೇಳಿಸಿತು. ಗುಂಯ್ ಕೂಡ ಮೊದಲಿಗಿಂತ ಸ್ಪಷ್ಟ! ಹೆಡ್‌ಫೋನ್ ಹಾಕಿಕೊಂಡ ನನ್ನ ಹೆಂಡತಿ ಶೈಲಾ ಹುಬ್ಬು ಗಂಟಿಕ್ಕಿ ಕೇಳಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ರೀ, ಇದು ಕಂಪ್ಯೂಟರ್ ಅಲ್ಲ, ನೀವು! ನಡುವೆ ಕೆಮ್ಮಿದೀರಿ ಬ್ಯಾರೆ."

ರುದ್ರೇಶ ಗೋಡೆಯ ಕಡೆ ತಿರುಗಿ ನಿಂತ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ನಂಗೊತ್ತಿತ್ತು ಬಿಡಪ್ಪ" ಎಂದಳು ಅತ್ತೆ. "ನಿಮ್ಮಪ್ಪನೂ ಹಿಂಗೇ. ನಾನು ಬೀಸಾಕೆ ಕುಂತ್ರೆ ಬಾಗ್ಲಾಗೆ ಕುಂತು ಮೂಗಿನಾಗೆ ಗುಂಯ್ ಅಂತಿದ್ದ."

"ಮೊದ್ಲೇ ಹೇಳಬಾರದಿತ್ತಾ ಅತ್ತೆ?"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ದಿ."

ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ದನಿಯ ಒಂದು ಚೂರೂ ನಮ್ಮಲ್ಲಿ ಉಳಿದಿರಲಿಲ್ಲ. ನನ್ನ ಮೂಗಿನೊಳಗೆ ಉಳಿದಿತ್ತೆಂದು ಯಾರಿಗೆ ಗೊತ್ತು!

ಶೈಲಾ ಬಿಡಲಿಲ್ಲ, ನನ್ನನ್ನು ಹಿತ್ತಿಲಿಗೆ ಅಟ್ಟಿ ಮತ್ತೆ ರೆಕಾರ್ಡ್ ಮಾಡಲು ನೋಡಿದಳು. ಎರಡನೆಯ ಸಾಲಿಗೇ ಅತ್ತೆ ನಿಂತುಬಿಟ್ಟಳು. "ಬರ್ತಿಲ್ಲ ಕಣಮ್ಮ, ಅವನ್ನ ಕರಿ." ಸಂಜೆಯೊಳಗೆ ಇಪ್ಪತ್ತೆರಡು ಪದ ಮುಗಿದವು. ಇಪ್ಪತ್ತೆರಡರಲ್ಲೂ ನಾನಿದ್ದೇನೆ.

"ಬೇಡಪ್ಪ, ಒಳಗಿರೋದೇ ಸಾಕು" ಎಂದು ಮೊನ್ನೆ ರುದ್ರೇಶನಿಗೆ ಹೇಳಿ ಹೊರಬಿದ್ದೆ. ಮನೆಗೆ ಹೋಗಲು ಮನಸ್ಸಾಗಲಿಲ್ಲ. ಬಸ್ಸು ಹತ್ತಿ, ಹೊನ್ನಾಳಿಯಲ್ಲಿ ಇನ್ನೊಂದು ಬಸ್ಸು ಹಿಡಿದು ನ್ಯಾಮತಿ ಸೇರಿದೆ. ಅತ್ತೆ ಜಗಲಿಯಲ್ಲಿದ್ದಳು. ಹಲ್ಲಿನ ಸೆಟ್ಟು ಹಾಕಿಕೊಂಡು ನನಗಾಗಿ ಒಂದು ಪದ ಎತ್ತಿದಳು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಪಕ್ಕದಲ್ಲೇ ಕುಳಿತು, ಧೈರ್ಯ ಮಾಡಿ, ಬಾಯಿ ಬಿಟ್ಟೇ ದನಿಗೂಡಿಸಿದೆ.

ಎರಡು ಸಾಲು ಆಗಿತ್ತು. ಅತ್ತೆ ನಿಲ್ಲಿಸಿ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು.

"ಚಲೋ ಐತಪ್ಪ" ಎಂದಳು. "ಆದ್ರೆ ಮೂಗಿನಾಗೇ ಹಾಡು."