ನಾಲ್ಕು ವರ್ಷ ತಡವಾಗಿ ಗಾಳಿಬೀಡಿಗೆ

ಕ್ರಿಸ್‌ಮಸ್ ರಜೆಯ ಮೂರನೇ ದಿನ ಬೆಳಿಗ್ಗೆ ಎಂಟಕ್ಕೆ ಕುಶಾಲನಗರದಿಂದ ಹೊರಟೆವು. ನಾನು, ಹನ್ನೊಂದು ವರ್ಷದ ಭೂಮಿಕಾ, ಏಳು ತುಂಬಿದ ಚಿನ್ಮಯಿ. ಸರ್ಕಾರಿ ಬಸ್ಸಾದ್ದರಿಂದ ಮೂವರಿಗೂ ಸೊನ್ನೆ ಟಿಕೆಟ್. ಮಡಿಕೇರಿಗೆ ಮೂವತ್ತು ಕಿಲೋಮೀಟರ್, ಎಂದಿನಂತಾದರೆ ಒಂದು ಗಂಟೆಯ ದಾರಿ. ಅಂದು ಪ್ರವಾಸಿಗರ ಕಾರುಗಳ ಸಾಲಿನಲ್ಲಿ ಸಿಕ್ಕಿ ಸುಂಟಿಕೊಪ್ಪ ದಾಟುವುದಕ್ಕೇ ಅಷ್ಟು ಹೊತ್ತು ಹಿಡಿಯಿತು. ಚಿನ್ಮಯಿ ಹೊರರಾಜ್ಯದ ಕಾರುಗಳನ್ನು ಎಣಿಸುತ್ತ ಕೂತಳು. ಲೆಕ್ಕ ತಪ್ಪೆಂದು ಭೂಮಿಕಾ ಜಗಳ ತೆಗೆದಳು.

ನಾವು ಹೊರಟಿದ್ದು ಗಾಳಿಬೀಡಿನ ದೇವಕಿಯಕ್ಕನ ಮನೆಗೆ. ನಾನು ಸೊಸೈಟಿಯ ಕೆಲಸಕ್ಕೆ ಹೋಗುತ್ತಿದ್ದಾಗ ಮಕ್ಕಳಿಬ್ಬರನ್ನೂ ನೋಡಿಕೊಂಡವರು ಅವರು. ಚಿನ್ಮಯಿಯಂತೂ ಮೂರು ತಿಂಗಳ ಕೂಸಿನಿಂದ ಅವರ ಸೊಂಟದ ಮೇಲೇ ಬೆಳೆದವಳು. ಅವರ ಮನೆಮಾತು ಅರೆಭಾಷೆ, ಕೊಡಗಿನ ಗೌಡರು ಆಡುವ ಕನ್ನಡದ ಒಂದು ಬಗೆ. ಮಗುವಿಗೂ ಮೊದಲು ಬಂದಿದ್ದು ಅದೇ.

ಮೂರೂವರೆ ವರ್ಷಕ್ಕೆ ಶಾಲೆಗೆ ಸೇರಿಸಲು ಕರೆದೊಯ್ದೆ. "ಮನೇಲಿ ನಾಯಿ ಇದೆಯಾ ಪುಟ್ಟಾ?" ಎಂದು ಟೀಚರು ಕೇಳಿದರು. ಚಿನ್ಮಯಿ "ಉಟ್ಟು" ಎಂದಳು. ನಾವು 'ಇದೆ' ಅನ್ನುವುದಕ್ಕೆ ಅರೆಭಾಷೆಯವರು ಹೇಳುವ ಮಾತು ಅದು. ಟೀಚರು ನಕ್ಕರು, ಕೆಟ್ಟ ನಗೆಯೇನಲ್ಲ. ಆದರೂ ನನ್ನ ಮುಖ ಬಿಸಿಯಾಯಿತು. ಅಂದು ಸಂಜೆಯೇ ದೇವಕಿಯಕ್ಕನಿಗೆ ಹೇಳಿಬಿಟ್ಟೆ, "ಇನ್ಮೇಲೆ ಮಗು ಹತ್ರ ನಿಮ್ಮ ಮಾತು ಆಡ್ಬೇಡಿ. ಸರಿಯಾದ ಕನ್ನಡ ಬರ್ದಿದ್ರೆ ಸುಮ್ನೆ ಇದ್ಬಿಡಿ."

ಅವರು ಸುಮ್ಮನೇ ಇದ್ದುಬಿಟ್ಟರು. ಮಗುವನ್ನು ಮೀಯಿಸುವಾಗಲೂ ಉಣಿಸುವಾಗಲೂ ಮಾತಿಲ್ಲ. ತಿಂಗಳೊಳಗೆ, ಮಗಳ ಬಾಣಂತನವೆಂದು ಹೇಳಿ ಊರಿಗೆ ಹೋದವರು ಮತ್ತೆ ಬರಲಿಲ್ಲ. ಪ್ರತಿ ರಜೆಗೂ ಫೋನು ಮಾತ್ರ ಬರುತ್ತಿತ್ತು, "ಮಕ್ಕಳನ್ನ ಒಂದ್ಸಲ ಕರ್ಕೊಂಡು ಬನ್ನಿ ಅಕ್ಕಾ." ದಸರೆಗೆ ಮೈಸೂರು, ಬೇಸಿಗೆಗೆ ಹಾಸನದ ಅತ್ತೆಮನೆ ಎಂದು ನಾನು ಮುಂದೂಡುತ್ತಲೇ ಹೋದೆ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳು. ಅವರಿಗೆ ಮುಖ ತೋರಿಸುವ ಧೈರ್ಯ ಇರಲಿಲ್ಲ. ಈ ದಸರೆಗೆ ಫೋನೇ ಬರಲಿಲ್ಲ. ಆಗ ಹೆದರಿಕೆಯಾಯಿತು.

ಮಡಿಕೇರಿಯಲ್ಲಿ ಮಕ್ಕಳಿಗೆ ಬನ್ನು ಕೊಡಿಸಿ, ಕಾಫಿ ಕುಡಿದು, ಹತ್ತೂವರೆಯ ಖಾಸಗಿ ಬಸ್ಸು ಹಿಡಿದೆವು. ಗಾಳಿಬೀಡಿಗೆ ಅರ್ಧ ಗಂಟೆಯೂ ಇಲ್ಲ. ಬಿಸಿಲು ಬಿದ್ದಿದ್ದರೂ ಗಾಳಿ ಕೊರೆಯುತ್ತಿತ್ತು. ರಸ್ತೆಯ ಎರಡೂ ಬದಿಯ ತೋಟಗಳಲ್ಲಿ ಕಾಫಿ ಕುಯ್ಲು ನಡೆದಿತ್ತು.

ದೇವಕಿಯಕ್ಕ ಅಂಗಳದಲ್ಲಿ ಒಣಹಾಕಿದ ಕಾಫಿಯನ್ನು ಕಾಲಿನಿಂದ ತಿರುವುತ್ತಿದ್ದರು. ನಮ್ಮನ್ನು ಕಂಡವರೇ ಒಳಗಿದ್ದ ಮಗಳನ್ನು ಅರೆಭಾಷೆಯಲ್ಲಿ ಒಂದೇ ಉಸಿರಿಗೆ ಕೂಗಿ ಕರೆದು, ಓಡಿ ಬಂದರು. ಭೂಮಿಕಾ ಹೋಗಿ ತಬ್ಬಿಕೊಂಡಳು. ಚಿನ್ಮಯಿ ನನ್ನ ಹಿಂದೆ ಅಡಗಿದಳು.

ಚಾಚಿದ ಕೈಯನ್ನು ದೇವಕಿಯಕ್ಕ ಮೆಲ್ಲನೆ ಹಿಂದಕ್ಕೆಳೆದುಕೊಂಡು, ಅವಳ ಎದುರು ಕುಕ್ಕರಗಾಲಲ್ಲಿ ಕೂತರು. "ಬನ್ನಿ ಮಗು. ಒಳಗೆ ತಿಂಡಿ ಇದೆ. ನೀವು ರೊಟ್ಟಿ ತಿನ್ನುತ್ತೀರಾ?" ಎಂದು ಕೇಳಿದರು. ಪಾಠ ಓದುವವರ ಹಾಗೆ ಒಂದೊಂದೇ ಪದವನ್ನು ಬಿಡಿಸಿ, ಎಲ್ಲಿಯೂ ತಪ್ಪದೆ ಆಡಿದ ಮಾತು. ಈ ಮಗುವಿನ ಅಂಡು ತೊಳೆದವರು ಅವಳನ್ನು 'ನೀವು' ಅನ್ನುತ್ತಿದ್ದರು.

ಅವರು ಅಕ್ಕಿ ರೊಟ್ಟಿ ತಟ್ಟಿದರು. ನಾನು ಒಲೆಯ ಪಕ್ಕದಲ್ಲಿ ನಿಂತು, "ದೇವಕಿಯಕ್ಕ, ಅವತ್ತು ನಾನು ಹಂಗೆ ಅನ್ಬಾರ್ದಿತ್ತು" ಎಂದೆ.

"ಎಂತದು ಅಕ್ಕಾ, ಅದೆಲ್ಲ ಹಳೇದು. ಮಗು ಚೆನ್ನಾಗಿ ಓದ್ತದಲ್ಲ, ಅಷ್ಟು ಸಾಕು."

"ಅವಳ ಹತ್ರ ನಿಮ್ಮ ಮಾತಲ್ಲೇ ಮಾತಾಡಿ."

ಅವರು ಕಾವಲಿಯ ಮೇಲಿನ ರೊಟ್ಟಿಯನ್ನು ಮಗುಚಿದರು. "ಇನ್ನು ಅವಳಿಗೆ ಅರ್ಥ ಆಗ್ಬೇಕಲ್ಲ ಅಕ್ಕಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಬಾಣಂತನದಲ್ಲಿ ಹುಟ್ಟಿದ ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ಊಟವಾದ ಮೇಲೆ ಅವಳು ಚಿನ್ಮಯಿಯ ಕೈಹಿಡಿದು ಕೋಳಿಗೂಡು ತೋರಿಸುತ್ತ ಬಿಡುವಿಲ್ಲದೆ ಮಾತಾಡಿದಳು. ಚಿನ್ಮಯಿ ಓಡಿ ಬಂದು ಕೇಳಿದಳು, "ಅಮ್ಮಾ, ಅವಳು ಯಾವ ಲ್ಯಾಂಗ್ವೇಜ್ ಮಾತಾಡ್ತಾಳೆ?"

ಬೆಲ್ಲದ ಕಾಫಿಯ ಲೋಟ ಹಿಡಿದು ನಿಂತಿದ್ದ ದೇವಕಿಯಕ್ಕನಿಗೆ ಅದು ಕೇಳಿಸಿತು. "ನಮ್ಮ ಮನೆ ಮಾತು ಮಗು" ಎಂದಷ್ಟೇ ಹೇಳಿದರು.

ಮೂರೂವರೆಯ ಬಸ್ಸಿಗೆ ಅವರೂ ರಸ್ತೆಯವರೆಗೆ ಬಂದು, ಒಂದು ಚೀಲ ಕಿತ್ತಳೆ ಕೊಟ್ಟರು. ನಾನು ಬೆನ್ನು ಮುಟ್ಟಿದ್ದಕ್ಕೆ ಚಿನ್ಮಯಿ, "ಥ್ಯಾಂಕ್ಯೂ ಆಂಟಿ" ಎಂದಳು. ಅವರು ನಕ್ಕು ಅವಳ ಕೆನ್ನೆ ಮುಟ್ಟಿದರು. ಈ ಸಲ ಅವಳು ಸರಿದುಕೊಳ್ಳಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಮುಂದೆ ಜಾಗವಿರಲಿಲ್ಲ. ನಮಗೆ ಸಿಕ್ಕಿದ್ದು ಕೊನೆಯ ಸೀಟು. ಮಂಜು ಇಳಿದು ಗಾಜುಗಳೆಲ್ಲ ಮಸುಕಾಗಿದ್ದವು. ದೇವಕಿಯಕ್ಕ ಒಂದೊಂದೇ ಕಿಟಕಿಯನ್ನು ನೋಡುತ್ತ ಬಂದು, ಮೂರನೆಯದರ ಎದುರು ನಿಂತು ಕೈಬೀಸತೊಡಗಿದರು. ಅಲ್ಲಿ ಕೂತಿದ್ದು ಯಾರೋ ಹೆಂಗಸು, ಮಡಿಲಲ್ಲಿ ಮಗು. ಭೂಮಿಕಾ ಗಾಜು ಉಜ್ಜಿ, "ನಾವಿಲ್ಲಿದ್ದೀವಿ!" ಎಂದು ಕೂಗಿದಳು. ಬಸ್ಸಿನ ಸದ್ದಿಗೆ ಅದು ಹೊರಗೆ ಮುಟ್ಟಲಿಲ್ಲ. ಆ ಹೆಂಗಸು ಸ್ವಲ್ಪ ಅನುಮಾನಿಸಿ, ಮಗುವಿನ ಕೈಯನ್ನು ಎತ್ತಿ ಆಡಿಸಿದಳು. ದೇವಕಿಯಕ್ಕನ ಮುಖ ಅರಳಿತು.